ಅಣೆಕಟ್ಟಿನ ವಿಶ್ವೇಶ್ವರಯ್ಯ ಗೊತ್ತು, ಲೆಕ್ಕದ ವಿಶ್ವೇಶ್ವರಯ್ಯ ಗೊತ್ತಾ?

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಅದೇ ಫೋಟೋ ಬರುತ್ತದೆ. ಮೈಸೂರು ಪೇಟ, ಕೋಟು, ಟೈ, ಹಿಂದೆ ಕನ್ನಂಬಾಡಿ ಕಟ್ಟೆ. ಕೆಳಗೆ ಒಂದು ಕಥೆ: ಸರ್ಕಾರಿ ಕೆಲಸಕ್ಕೆ ಸರ್ಕಾರಿ ದೀಪ, ಸ್ವಂತ ಕೆಲಸಕ್ಕೆ ಸ್ವಂತ ದೀಪ. ಆ ಕಥೆ ನಿಜವೋ, ಯಾರೋ ಕಟ್ಟಿದ್ದೋ ಬಿಡಿ. ನನ್ನ ತಕರಾರು ಬೇರೆ. ದೀಪದ ಕಥೆ ಕೇಳಿ ಕೇಳಿ ನಮಗೆ ಒಂದು ಭ್ರಮೆ ಬಂದಿದೆ: ಸರ್ಕಾರದ ದುಡ್ಡು ಉಳಿಯಬೇಕಾದರೆ ಒಬ್ಬ ಪ್ರಾಮಾಣಿಕ ಮನುಷ್ಯ ಸಿಕ್ಕರೆ ಸಾಕು ಅಂತ. ವಿಶ್ವೇಶ್ವರಯ್ಯನವರ ಬದುಕನ್ನು ಪೂರ್ತಿ ಓದಿದವರಿಗೆ ಹಾಗೆ ಅನ್ನಿಸಲಾರದು. ಅವರೇ ಶುರು ಮಾಡಿಸಿದ ಸರ್ಕಾರಿ ಕಾರ್ಖಾನೆ ನಷ್ಟಕ್ಕೆ ಬಿತ್ತು. ಅದನ್ನು ಎತ್ತಲು ಅವರೇ ಹೋಗಿ ಆರು ವರ್ಷ ಕೂತರು. ಅದರ ಮಧ್ಯೆಯೇ ಇನ್ನೊಂದು ಸರ್ಕಾರ ಮುಳುಗಿಸಿದ ದುಡ್ಡಿನ ತನಿಖೆಗೂ ಹೋಗಿ ಬಂದರು. ಈ ಭಾಗ ಯಾವ ಫೋಟೋದ ಕೆಳಗೂ ಬರುವುದಿಲ್ಲ.

ನಾನು ಗುಳೇದಗುಡ್ಡದವ. ಖಣ ನೇಯುವ ಊರು. ನಮ್ಮ ಓಣಿಯಲ್ಲಿ ಬೆಳಗಾದರೆ ಕೇಳುತ್ತಿದ್ದುದು ಮಗ್ಗದ ಸದ್ದು. ನೂಲು ಕೊಡುವ ಸಾವುಕಾರರ ಅಂಗಡಿಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಿರ್ದಿ ಇರುತ್ತಿತ್ತು. ಯಾರಿಗೆ ಎಷ್ಟು ನೂಲು ಹೋಯಿತು, ಎಷ್ಟು ಖಣ ಬಂತು, ಮಜೂರಿ ಎಷ್ಟು, ಉದ್ರಿ ಎಷ್ಟು, ಎಲ್ಲ ಅದರೊಳಗೆ. ದೀಪಾವಳಿ ಪಾಡ್ಯದ ಹೊತ್ತಿಗೆ ಹಳೇ ಲೆಕ್ಕ ಮುಗಿಸಿ ಹೊಸ ಕಿರ್ದಿಗೆ ಪೂಜೆ. ಸಾವುಕಾರರೆಲ್ಲ ಸಾಧುಗಳಾಗಿದ್ದರು ಅಂತ ನಾನು ಹೇಳುತ್ತಿಲ್ಲ, ನೇಕಾರರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಆದರೆ ವರ್ಷಕ್ಕೊಮ್ಮೆ ಲೆಕ್ಕ ಮುಚ್ಚದೇ ಅಂಗಡಿ ನಡೆಯಲ್ಲ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ನಿಗಮ, ಮಂಡಳಿ, ಸರ್ಕಾರಿ ಕಂಪನಿಗಳಲ್ಲಿ ಹಲವಕ್ಕೆ ಇಷ್ಟೂ ಆಗುವುದಿಲ್ಲ. ವರ್ಷಗಟ್ಟಲೆ ಲೆಕ್ಕ ಬಾಕಿ ಉಳಿಸಿಕೊಂಡ ನಿಗಮಗಳ ಬಗ್ಗೆ ಸಿಎಜಿ ವರದಿಗಳು ಮತ್ತೆ ಮತ್ತೆ ಹೇಳುತ್ತಲೇ ಇವೆ.

ಇರಲಿ, ಮನುಷ್ಯನ ಕಥೆಗೆ ಬರೋಣ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1860ರ ದಶಕದ ಆರಂಭದಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋದರು, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ.

ಅಂದರೆ ನಮ್ಮ ಸರ್ಕಾರದ ನೌಕರಿ. ಬಾದಾಮಿ, ಹುನಗುಂದ, ಬಾಗಲಕೋಟೆ ಎಲ್ಲ ಆಗ ಬಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. ವಿಶ್ವೇಶ್ವರಯ್ಯ ಅಂದರೆ ಮೈಸೂರಿನವರು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ವೃತ್ತಿಯ ಮೊದಲ ಎರಡು ದಶಕಕ್ಕಿಂತ ಹೆಚ್ಚು ಕಾಲ ಅವರ ಸಂಬಳ ಬಂದದ್ದು ಗುಳೇದಗುಡ್ಡದ ನೇಕಾರನೂ ತೆರಿಗೆ ಕಟ್ಟುತ್ತಿದ್ದ ಖಜಾನೆಯಿಂದ. ನಾಸಿಕ್, ಖಾನ್‌ದೇಶ, ಪುಣೆ ಅಂತ ಓಡಾಟ. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟರು. ಖಡಕ್‌ವಾಸ್ಲಾ ಜಲಾಶಯಕ್ಕೆ ನೀರು ಹೆಚ್ಚಾದರೆ ತಾನಾಗೇ ತೆರೆದುಕೊಳ್ಳುವ ಗೇಟು ಕೂರಿಸಿದರು. ಕಾಲುವೆ ನೀರನ್ನು ಸರದಿ ಮೇಲೆ, ಬೆಳೆ ನೋಡಿ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಹಂಚುವ ಪದ್ಧತಿ ತಂದರು. ಕಾಲುವೆಯ ಮೇಲ್ಗಡೆ ಇದ್ದವರು ನೀರು ಹಾಳು ಮಾಡುವುದು, ಕೆಳಗಿನವರು ಬಾಯಿ ಬಿಡುವುದು ಅವತ್ತೂ ಇತ್ತು. ಎಷ್ಟು ನೀರು ಬಂತು, ಎಲ್ಲಿ ಹೋಯಿತು ಅಂತ ಅಳೆಯುವ ಈ ಅಭ್ಯಾಸವೇ ಮುಂದೆ ದುಡ್ಡಿನ ವಿಷಯದಲ್ಲೂ ಅವರ ಕೈ ಹಿಡಿಯಿತು ಅಂತ ನನಗೆ ಅನ್ನಿಸುತ್ತದೆ. 1908ರಲ್ಲಿ ಸ್ವಂತ ಇಚ್ಛೆಯಿಂದ ನಿವೃತ್ತಿ ತಗೊಂಡರು. ಭಾರತೀಯನೊಬ್ಬನಿಗೆ ಅಲ್ಲಿ ತೀರಾ ಮೇಲಿನ ಕುರ್ಚಿ ಸಿಗುವ ಹಾಗಿರಲಿಲ್ಲ. ಆಮೇಲೆ ವಿದೇಶ ಪ್ರವಾಸ, ಮೂಸಿ ನದಿಯ ಪ್ರವಾಹದಲ್ಲಿ ನಲುಗಿದ ಹೈದರಾಬಾದಿನ ಕೆಲಸ, 1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಹುದ್ದೆ.

ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಒಂದೇ ಒಂದು ಮಾತು. ಆ ಕಥೆಯಲ್ಲಿ ಮೈಸೂರಿನ ಹಣಕಾಸು ಕಾರ್ಯದರ್ಶಿ ಯಾವಾಗಲೂ ಖಳನಾಯಕ. ಯೋಜನೆ ಬೇಡ, ಅಷ್ಟು ವಿದ್ಯುತ್ತಿಗೆ ಗಿರಾಕಿ ಎಲ್ಲಿ ಅಂತ ಅಡ್ಡ ಹಾಕಿದವರು ಅವರು. ನನಗೆ ಮಾತ್ರ ಆ ಕಾರ್ಯದರ್ಶಿ ಬಗ್ಗೆ ಗೌರವ ಇದೆ. ಅವರ ಅಂದಾಜು ತಪ್ಪಿತ್ತು, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ರಾಜ್ಯದ ಬೊಕ್ಕಸ ಖಾಲಿ ಮಾಡುವ ಪ್ರಸ್ತಾವ ಬಂದಾಗ ದುಡ್ಡು ವಾಪಸ್ ಹೇಗೆ ಬರುತ್ತದೆ ಅಂತ ಕೇಳುವುದೇ ಅವರ ಕೆಲಸ. ವಿಶ್ವೇಶ್ವರಯ್ಯ ಅದಕ್ಕೆ ಲೆಕ್ಕ ಮುಂದಿಡಬೇಕಾಯಿತು: ಶಿವನಸಮುದ್ರಕ್ಕೆ ವರ್ಷಪೂರ್ತಿ ನೀರು ಸಿಕ್ಕರೆ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಮಾರಬಹುದು, ಅದು ಖಾತ್ರಿ ಆದಾಯ, ಮೇಲೆ ಮಂಡ್ಯದ ನೀರಾವರಿ. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಸಿಕ್ಕಿತು. ದೊಡ್ಡ ಯೋಜನೆಯೊಂದು ಗಟ್ಟಿಯಾಗಿ ನಿಂತದ್ದು ಒಬ್ಬ ಜಾಣನಿಂದ ಮಾತ್ರ ಅಲ್ಲ, ಎದುರು ಕೂತು ಇಲ್ಲ ಅಂದವನೊಬ್ಬ ಇದ್ದುದರಿಂದಲೂ ಹೌದು. ಇವತ್ತು ನಮ್ಮ ನಿಗಮಗಳ ಮಂಡಳಿ ಸಭೆಯಲ್ಲಿ ಹಾಗೆ ಇಲ್ಲ ಅನ್ನುವ ಒಬ್ಬ ನಿರ್ದೇಶಕನನ್ನು ತೋರಿಸಿ ನೋಡೋಣ.

1912ರ ನವೆಂಬರಿನಿಂದ 1918ರ ಡಿಸೆಂಬರ್‌ವರೆಗೆ ಅವರು ದಿವಾನರು. ಆ ಆರು ವರ್ಷದ ಪಟ್ಟಿ ಶಾಲೆಯ ಪುಸ್ತಕದಲ್ಲಿದೆ: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾಲಯ. ನಮಗೆ ಬೇಕಾದದ್ದು ಎರಡು ಕಾರ್ಖಾನೆ. ಒಂದು ಗಂಧದೆಣ್ಣೆಯದು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧ ಬಂದರಿನಲ್ಲೇ ನಿಂತಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರು ಎಣ್ಣೆ ತೆಗೆಯುವ ವಿಧಾನ ಸಿದ್ಧ ಮಾಡಿಕೊಟ್ಟರು, ಕಾರ್ಖಾನೆ ಎದ್ದಿತು, ಲಾಭವೂ ಬಂತು. ಕಚ್ಚಾ ಮಾಲು ಪೂರ್ತಿ ಸರ್ಕಾರದ್ದೇ, ಪೈಪೋಟಿ ಕಡಿಮೆ, ಬಂಡವಾಳ ಸಣ್ಣದು. ಇಂಥದ್ದನ್ನು ಸರ್ಕಾರ ನಡೆಸಬಹುದು.

ಇನ್ನೊಂದು ಭದ್ರಾವತಿ. ಅಲ್ಲಿನ ಲೆಕ್ಕವೇ ಬೇರೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಮಲೆನಾಡಿನ ತುಂಬ ಕಾಡು ಇತ್ತು, ಆದರೆ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮರ ಸುಟ್ಟು ಇದ್ದಿಲು ಮಾಡಿ ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು, ಮರ ಸುಡುವಾಗ ಬರುವ ಮದ್ಯಸಾರ, ಟಾರು ಮುಂತಾದವನ್ನೂ ಮಾರಿಕೊಳ್ಳುವುದು ಅಂತ ಯೋಜನೆ. ಅಮೆರಿಕದ ಸಲಹೆಗಾರರು ಬಂದರು, ಅಲ್ಲಿಂದಲೇ ಯಂತ್ರ ಬಂತು. ಯುದ್ಧದ ಕಾಲದಲ್ಲಿ ಕಬ್ಬಿಣದ ದರ ಆಕಾಶಕ್ಕೆ ಏರಿತ್ತು. ಆ ದರ ಹಾಗೇ ಇರುತ್ತದೆ ಅಂದುಕೊಂಡು ಲಾಭ ಲೆಕ್ಕ ಹಾಕುವುದು ಯಾರಿಗೂ ಸುಲಭ. ಕಾರ್ಖಾನೆ ಬೆಂಕಿ ಹಚ್ಚಿದ್ದು 1923ರ ಜನವರಿಯಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ನಾಲ್ಕು ವರ್ಷ ಕಳೆದಿತ್ತು, ಕಟ್ಟುವ ಖರ್ಚು ಅಂದಾಜನ್ನು ಮೀರಿತ್ತು, ಬೀಡು ಕಬ್ಬಿಣದ ದರ ಬಿದ್ದುಹೋಗಿತ್ತು. ಸರ್ಕಾರ ಬಿಳಿ ಆನೆ ಸಾಕುತ್ತಿದೆ ಅಂತ ಟೀಕೆ ಎದ್ದಿತು.

ಇಲ್ಲಿ ನಾನು ಅವರನ್ನು ಬಿಟ್ಟುಕೊಡಲೇಬೇಕು. ಕಾರ್ಖಾನೆ ತೀರ್ಮಾನವಾದದ್ದು ಅವರು ದಿವಾನರಾಗಿದ್ದಾಗ, ಅವರ ಹಟದಿಂದ. ಕಟ್ಟಿದ್ದು ಅವರು ಬಿಟ್ಟುಹೋದ ಮೇಲೆ, ನಿಜ. 1918ರಲ್ಲಿ ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಅವರು ಹೊರಬಂದರು. ಆ ವಿಷಯದಲ್ಲಿ ಮಹಾರಾಜರೇ ಸರಿ ಅಂತ ನನ್ನ ಅಭಿಪ್ರಾಯ, ಅದು ಬೇರೆ ಲೇಖನ. ಆದರೆ ಬೇರೆಯವರ ಕೈಯಲ್ಲಿ ಕೆಟ್ಟಿತು ಅಂತ ಹೇಳಿ ಅವರು ಕೈ ತೊಳೆದುಕೊಳ್ಳಬಹುದಿತ್ತು. ಅರವತ್ತು ದಾಟಿದ ಮನುಷ್ಯ, ಹೆಸರು ಮಾಡಿ ಆಗಿತ್ತು, ಸರ್ ಪದವಿಯೂ ಬಂದಿತ್ತು. 1923ರಲ್ಲಿ ಮೈಸೂರು ಸರ್ಕಾರ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬನ್ನಿ ಅಂದಾಗ ಒಪ್ಪಿಕೊಂಡರು.

ಅಲ್ಲಿ ಏನು ಮಾಡಿದರು ಅನ್ನುವುದು ಅಣೆಕಟ್ಟಿನಷ್ಟು ರೋಚಕ ಅಲ್ಲ. ದುಬಾರಿ ವಿದೇಶಿ ಸಿಬ್ಬಂದಿಯ ಜಾಗಕ್ಕೆ ಇಲ್ಲಿನವರನ್ನು ತಯಾರು ಮಾಡಿ ತಂದರು. ಒಂದು ಟನ್ ಕಬ್ಬಿಣಕ್ಕೆ ತಗಲುವ ಖರ್ಚನ್ನು ಇಳಿಸುವ ಕಡೆ ಗಮನ ಕೊಟ್ಟರು. ಬರೀ ಬೀಡು ಕಬ್ಬಿಣ ಮಾರಿದರೆ ದರ ಬಿದ್ದಾಗ ಸಾಯಬೇಕಾಗುತ್ತದೆ ಅಂತ ಪೈಪು ಎರಕದ ಕಡೆ ಕಾರ್ಖಾನೆಯನ್ನು ತಿರುಗಿಸಿದರು. 1929ರಲ್ಲಿ ಅಲ್ಲಿಂದ ಬಿಟ್ಟಾಗ ಕಾರ್ಖಾನೆ ನಿಂತಿರಲಿಲ್ಲ, ನಡೆಯುತ್ತಿತ್ತು. ಹಾಕಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ಮಾತ್ರ ಆ ವರ್ಷಗಳಲ್ಲಿ ಬರಲಿಲ್ಲ. ಅವರನ್ನು ಪವಾಡಪುರುಷ ಮಾಡಿದವರು ಈ ಸಾಲನ್ನು ಬಿಟ್ಟುಬಿಡುತ್ತಾರೆ. ಅಷ್ಟು ಶಿಸ್ತಿನ ಮನುಷ್ಯ ಆರು ವರ್ಷ ಕೂತರೂ ತಪ್ಪು ಅಂದಾಜಿನ ಮೇಲೆ ಕಟ್ಟಿದ ಸಾಲದ ಭಾರ ಇಳಿಯಲಿಲ್ಲ ಅನ್ನುವುದೇ ಇಲ್ಲಿರುವ ನಿಜವಾದ ಮಾಹಿತಿ.

ಭದ್ರಾವತಿಯ ಆ ಆರು ವರ್ಷಗಳ ನಡುವೆಯೇ, 1926ರಲ್ಲಿ, ಅವರಿಗೆ ಮುಂಬೈಯಿಂದ ಕರೆ ಬಂತು. ಅವರ ಜೀವನಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಘಟನೆ ಇದು. ನನಗೆ ಮಾತ್ರ ಇದೇ ಮುಖ್ಯ.

ಮುಂಬೈ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರಿಗೆ ದೊಡ್ಡ ಕನಸು ಇತ್ತು. ಬ್ಯಾಕ್ ಬೇ ಸಮುದ್ರವನ್ನು ತುಂಬಿಸಿ 1,145 ಎಕರೆ ಹೊಸ ನೆಲ ಮಾಡುವುದು, ಅದನ್ನು ಮಾರಿ ಲಾಭ ಮಾಡುವುದು, ಜೊತೆಗೆ ಕಾರ್ಮಿಕರಿಗೆ 50 ಸಾವಿರ ಮನೆ. ಇದಕ್ಕೆಂದೇ 1920ರಲ್ಲಿ ಪ್ರತ್ಯೇಕ ಅಭಿವೃದ್ಧಿ ಇಲಾಖೆ ಹುಟ್ಟಿತು. ಸಾಲ ಎತ್ತಿದರು. ಮುಂಬೈಗೆ ಬರುವ ಹತ್ತಿಯ ಪ್ರತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿದರು. ಹತ್ತಿ ಬೆಳೆಯುವ ಎರೆಭೂಮಿಯ ನಮ್ಮ ಕಡೆಯವರು ಈ ಸುಂಕದ ಬಿಸಿ ಯಾರಿಗೆ ತಟ್ಟುತ್ತದೆ ಅಂತ ಊಹಿಸಬಲ್ಲರು.

ಸಮುದ್ರ ತುಂಬಿಸುವ ಕೆಲಸಕ್ಕೆ ಸರ್ ಜಾರ್ಜ್ ಬುಕಾನನ್ ಎಂಬ ಇಂಜಿನಿಯರ್ ಕೊಟ್ಟ ಅಂದಾಜು ಮೂರೂವರೆ ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಸಮುದ್ರದ ಅಡಿಯ ಕೆಸರನ್ನು ಡ್ರೆಜರ್ ಯಂತ್ರದಿಂದ ಎತ್ತಿ ಗೋಡೆಯ ಒಳಗೆ ಸುರಿಯಬೇಕು. ಡ್ರೆಜರ್‌ಗೆ ಗವರ್ನರ್ ಹೆಸರನ್ನೇ ಇಟ್ಟಿದ್ದರು, ಅಧಿಕಾರದಲ್ಲಿ ಇರುವವರ ಹೆಸರು ಬೋರ್ಡಿಗೆ ಹಾಕುವ ಚಟ ಹಳೆಯದು ನೋಡಿ. ಆದರೆ ತಳದ ಜೇಡಿ ಅಂದುಕೊಂಡ ಹಾಗಿರಲಿಲ್ಲ. ಯಂತ್ರ ಗಂಟೆಗೆ ಎತ್ತಬೇಕಾದಷ್ಟು ಎತ್ತಲಿಲ್ಲ. ಎತ್ತಿ ಹಾಕಿದ್ದು ಗೋಡೆಯ ಸಂದಿನಿಂದ ವಾಪಸ್ ಸಮುದ್ರಕ್ಕೆ ಸೋರಿತು. ಖರ್ಚಿನ ಅಂದಾಜು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಷ್ಟರಲ್ಲಿ ಯುದ್ಧಾನಂತರದ ಭೂಮಿಯ ಬೆಲೆಯೂ ಕುಸಿದಿತ್ತು.

ಇದನ್ನು ಬಯಲಿಗೆ ತಂದವರು ಯಾವ ಆಡಿಟರೂ ಅಲ್ಲ. ಕೆ. ಎಫ್. ನಾರಿಮನ್ ಎಂಬ ಪಾರ್ಸಿ ವಕೀಲ. ವಿಧಾನ ಪರಿಷತ್ತಿನಲ್ಲಿ, ಪತ್ರಿಕೆಗಳಲ್ಲಿ ಬೆನ್ನು ಹತ್ತಿದರು. ಇಲಾಖೆಯ ಹಾರ್ವೆ ಎಂಬ ಅಧಿಕಾರಿ ಮಾನನಷ್ಟ ಮೊಕದ್ದಮೆ ಹೂಡಿದರು, 1928ರಲ್ಲಿ ನಾರಿಮನ್ ಖುಲಾಸೆಯಾದರು. ಈ ಗದ್ದಲದ ನಡುವೆ 1926ರಲ್ಲಿ ಸರ್ಕಾರ ತನಿಖಾ ಸಮಿತಿ ಮಾಡಿತು. ಅಧ್ಯಕ್ಷರು ಸರ್ ಗ್ರಿಮ್‌ವುಡ್ ಮಿಯರ್ಸ್. ಸದಸ್ಯರಲ್ಲಿ ಒಬ್ಬರು ವಿಶ್ವೇಶ್ವರಯ್ಯ.

ಅವರ ಸ್ಥಾನದಲ್ಲಿ ನಿಂತು ಯೋಚಿಸಿ. ಎರಡು ದಶಕ ದುಡಿದ ಇಲಾಖೆಯ ಪ್ರಾಂತ್ಯ ಅದು. ತನಿಖೆಗೆ ಕೂತ ಯೋಜನೆಯ ರೋಗಲಕ್ಷಣಗಳು ಅವರಿಗೆ ಭದ್ರಾವತಿಯಲ್ಲಿ ದಿನಾ ಕಾಣುತ್ತಿದ್ದವೇ: ಯುದ್ಧಕಾಲದ ದರದ ಮೇಲೆ ಹಾಕಿದ ಲಾಭದ ಲೆಕ್ಕ, ಹೊರಗಿನ ತಜ್ಞರ ಮೇಲೆ ಅತಿ ನಂಬಿಕೆ, ಮೀರಿದ ಅಂದಾಜು. ವ್ಯತ್ಯಾಸ ಒಂದೇ. ಭದ್ರಾವತಿಯಲ್ಲಿ ತಪ್ಪು ಗೊತ್ತಾದ ಕೂಡಲೇ ಸರ್ಕಾರ ಒಬ್ಬ ಲೆಕ್ಕ ಬಲ್ಲವನನ್ನು ಒಳಗೆ ಕೂರಿಸಿತು. ಮುಂಬೈಯಲ್ಲಿ ಗವರ್ನರ್ ಮರ್ಜಿಯ ಇಲಾಖೆಯಾಗಿದ್ದರಿಂದ ಯಾರೂ ಇಲ್ಲ ಅನ್ನಲಿಲ್ಲ, ಅಂದವರ ಮಾತು ದಾಟಲಿಲ್ಲ. ತಳದ ಮಣ್ಣನ್ನು ಸಾಕಷ್ಟು ಪರೀಕ್ಷಿಸದೇ ಅಂದಾಜು ಹಾಕಿದ್ದು ತನಿಖೆಯ ಹೊತ್ತಿಗೆ ಸ್ಪಷ್ಟವಾಗಿತ್ತು. ಕೊನೆಗೆ ಯೋಜನೆ ಕುಗ್ಗಿಸಿದರು. 1,145 ಎಕರೆ ಬದಲು ಸುಮಾರು 440 ಎಕರೆ ನೆಲ ಎದ್ದಿತು. 50 ಸಾವಿರ ಮನೆಯ ಬದಲು ಸುಮಾರು 16 ಸಾವಿರ ಖೋಲಿ, ಅವೇ ಇವತ್ತಿನ ಬಿಡಿಡಿ ಚಾಳುಗಳು. ಲಾಯ್ಡ್ ಸಾಹೇಬರು ಅಷ್ಟೊತ್ತಿಗೆ ಈಜಿಪ್ಟಿನಲ್ಲಿ ಹೈಕಮಿಷನರ್. ಕುರ್ಚಿ ಬದಲಾದ ಮೇಲೆ ಬಿಲ್ಲು ಬರುವುದು ಅಂದರೆ ಇದೇ.

ನೂರು ವರ್ಷ ಮುಂದೆ ಬನ್ನಿ. 2024ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಒಬ್ಬ ಲೆಕ್ಕಪತ್ರ ಅಧೀಕ್ಷಕ ಆತ್ಮಹತ್ಯೆ ಮಾಡಿಕೊಂಡರು. ಅವರು ಕೆಲಸ ಮಾಡುತ್ತಿದ್ದದ್ದು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ. ಅವರು ಬರೆದಿಟ್ಟ ಪತ್ರದಿಂದಲೇ ಹೊರಗೆ ಗೊತ್ತಾದದ್ದು: ನಿಗಮದ 187 ಕೋಟಿ ರೂಪಾಯಿ ಬೆಂಗಳೂರಿನ ಒಂದು ಬ್ಯಾಂಕ್ ಶಾಖೆಯ ಖಾತೆಗೆ ಹೋಗಿತ್ತು, ಅದರಲ್ಲಿ 88 ಕೋಟಿಗೂ ಹೆಚ್ಚು ಸಂಬಂಧವೇ ಇಲ್ಲದ ಖಾತೆಗಳಿಗೆ ದಾಟಿತ್ತು. ಸಚಿವ ಬಿ. ನಾಗೇಂದ್ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಇ.ಡಿ. ಅವರನ್ನು ಬಂಧಿಸಿತು. ತಾನು ತಪ್ಪು ಮಾಡಿಲ್ಲ ಅನ್ನುವುದು ಅವರ ನಿಲುವು, ಯಾರು ತಪ್ಪಿತಸ್ಥರು ಅನ್ನುವುದನ್ನು ನ್ಯಾಯಾಲಯ ಹೇಳಲಿ. ನನ್ನ ಪ್ರಶ್ನೆ ನ್ಯಾಯಾಲಯದ್ದಲ್ಲ. ಬೇಡ, ನಾಯಕ ಸಮುದಾಯದ ಸಣ್ಣ ರೈತನ ಹೊಲಕ್ಕೆ ಕೊಳವೆಬಾವಿ ಕೊರೆಸಬೇಕಾದ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿದ್ದಾಗ ನಿಗಮದ ಮಂಡಳಿ ಎಲ್ಲಿತ್ತು? ಬ್ಯಾಂಕ್ ಬಾಕಿಯನ್ನು ತಮ್ಮ ಪುಸ್ತಕಕ್ಕೆ ತಾಳೆ ನೋಡುವ ಮಾಮೂಲಿ ಕೆಲಸ ಯಾರದ್ದಾಗಿತ್ತು? ಒಬ್ಬ ಮನುಷ್ಯ ಸತ್ತಮೇಲೆ ಮಾತ್ರ ಗೊತ್ತಾಗುವಂಥ ಲೆಕ್ಕ ಲೆಕ್ಕವೇ?

ಕಾಗದದ ಮೇಲೆ ಕಾವಲು ಇಲ್ಲ ಅಂತಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ಸರ್ಕಾರಿ ಕಂಪನಿಗೆ ಲೆಕ್ಕಪರಿಶೋಧಕರನ್ನು ನೇಮಿಸುವುದು ಸಿಎಜಿ. ಅವರ ವರದಿ ಬಂದ 60 ದಿನದೊಳಗೆ ಸಿಎಜಿ ಪೂರಕ ಪರಿಶೋಧನೆ ಮಾಡಬಹುದು. ವಾರ್ಷಿಕ ವರದಿ ಸದನದ ಮುಂದೆ ಬರಬೇಕು. ಸದನದಲ್ಲಿ ಸಾರ್ವಜನಿಕ ಉದ್ದಿಮೆಗಳ ಸಮಿತಿ ಇದೆ. ಇಷ್ಟು ಸರಪಳಿಯೂ ಶುರುವಾಗುವುದು ನಿಗಮ ತನ್ನ ವರ್ಷದ ಲೆಕ್ಕವನ್ನು ಬರೆದು ಮುಗಿಸಿದ ಮೇಲೆ. ಅದನ್ನೇ ಬರೆಯದಿದ್ದರೆ? ಪರಿಶೋಧನೆಯೂ ಇಲ್ಲ, ವರದಿಯೂ ಇಲ್ಲ, ಸಮಿತಿ ಮುಂದೆ ಚರ್ಚೆಯೂ ಇಲ್ಲ. ಆದರೆ ಬಜೆಟ್‌ನಲ್ಲಿ ಅನುದಾನ ಬರುತ್ತಲೇ ಇರುತ್ತದೆ, ಅಧ್ಯಕ್ಷರ ಕಾರು ಓಡುತ್ತಲೇ ಇರುತ್ತದೆ. ಆ ಅಧ್ಯಕ್ಷರು ಯಾರು? ಟಿಕೆಟ್ ಸಿಗದವರು, ಮಂತ್ರಿಗಿರಿ ಸಿಗದ ಶಾಸಕರು. ಯಾವ ಪಕ್ಷ ಬಂದರೂ ಇದೇ. ನಿಗಮ ಮಂಡಳಿ ನೇಮಕ ಅಂದರೆ ಅಸಮಾಧಾನಕ್ಕೆ ಔಷಧಿ ಅಂತ ಪತ್ರಿಕೆಗಳೂ ಯಾವ ಮುಜುಗರ ಇಲ್ಲದೆ ಬರೆಯುತ್ತವೆ, ನಾನೂ ಬರೆದಿದ್ದೇನೆ. ನೇಯ್ಗೆ ಗೊತ್ತಿಲ್ಲದವರು ನೇಕಾರರ ಸಂಸ್ಥೆಗೆ, ಬೀಜ ಗೊತ್ತಿಲ್ಲದವರು ಬೀಜದ ಸಂಸ್ಥೆಗೆ. ಭದ್ರಾವತಿಗೆ ಮೈಸೂರು ಸರ್ಕಾರ 1923ರಲ್ಲಿ ಯಾರನ್ನು ಅಧ್ಯಕ್ಷ ಮಾಡಿತು ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ.

ಅವರು ಆ ಕೆಲಸಕ್ಕೆ ಸಂಭಾವನೆ ಇಟ್ಟುಕೊಳ್ಳಲಿಲ್ಲ. ತಮಗೆ ಬರಬೇಕಾಗಿದ್ದ ದುಡ್ಡಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಮಾಡಿ ಅಂದರು, ಅದಕ್ಕೆ ತಮ್ಮ ಹೆಸರು ಬೇಡ ಅಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್ಸ್ಟಿಟ್ಯೂಟ್ ಹಾಗೆ ಹುಟ್ಟಿದ್ದು. 1927ರಿಂದ 1955ರವರೆಗೆ ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾಗಿದ್ದರು. ಸರ್ಕಾರಿ ಕಬ್ಬಿಣ, ಖಾಸಗಿ ಕಬ್ಬಿಣ ಎರಡರ ಲೆಕ್ಕವನ್ನೂ ಒಳಗಿಂದ ಕಂಡವರು ಆ ಕಾಲದಲ್ಲಿ ಬಹಳ ಜನ ಇರಲಿಕ್ಕಿಲ್ಲ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. ಭದ್ರಾವತಿಯ ಪೆಟ್ಟು ತಿಂದ ಮೇಲೂ ಸರ್ಕಾರ ಉದ್ದಿಮೆಗೆ ಕೈ ಹಾಕಬಾರದು ಅನ್ನುವ ತೀರ್ಮಾನಕ್ಕೆ ಅವರು ಬರಲಿಲ್ಲ, ಇದನ್ನು ಗಮನಿಸಬೇಕು. ಎಲ್ಲವನ್ನೂ ಮಾರಿಬಿಡಿ ಅನ್ನುವವರು ಅವರ ಫೋಟೋ ಬಳಸುವ ಮೊದಲು ಇದನ್ನು ಓದಿಕೊಳ್ಳಲಿ. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಜಾಗ ನೋಡಲು ಹೋದರು. 1955ರಲ್ಲಿ ಭಾರತರತ್ನ ಬಂತು. ಮರುವರ್ಷ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಸಮಾಧಿ ಇದೆ.

ಅದೇ 1962ರಲ್ಲಿ ಭದ್ರಾವತಿ ಕಾರ್ಖಾನೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಜಂಟಿ ಕಂಪನಿಯಾಯಿತು. ಮುಂದೆ ಅದಕ್ಕೆ ಅವರ ಹೆಸರೇ ಬಂತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರೊಳಗೇ ವಿಲೀನ. 2016ರಲ್ಲಿ ಮಾರುವ ತೀರ್ಮಾನ, ಕೊಳ್ಳುವವರು ಸಿಗದೆ 2022ರಲ್ಲಿ ಅದು ರದ್ದು. 2023ರ ಜನವರಿಯಲ್ಲಿ, ಬೆಂಕಿ ಹಚ್ಚಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಮುಚ್ಚುವ ತೀರ್ಮಾನ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತರು. ಆಗಸ್ಟ್‌ನಲ್ಲಿ ಬೇರೆ ಕಡೆಯಿಂದ ಕಬ್ಬಿಣದ ತೊಲೆ ತರಿಸಿ ಅರೆಬರೆ ಕೆಲಸ ಮತ್ತೆ ಶುರುವಾಯಿತು. ಚುನಾವಣೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಭದ್ರಾವತಿಗೆ ಹೋಗಿ ಬಂಡವಾಳ ತರುತ್ತೇವೆ ಅಂತ ಹೇಳಿ ಬರುತ್ತಾರೆ. ಎಷ್ಟು, ಎಲ್ಲಿಂದ, ವಾಪಸ್ ಹೇಗೆ ಅಂತ ಕೇಳುವ ಹಣಕಾಸು ಕಾರ್ಯದರ್ಶಿ ಮಾತ್ರ ಆ ವೇದಿಕೆಯ ಮೇಲೆ ಇರುವುದಿಲ್ಲ.